ಎಮ್ಮೆಗೆ ಹೊದಿಸಿದ ಶಾಲು

ಹೋದ ತಿಂಗಳು ಪಕ್ಕದ ಮನೆಯ ಆಯಿ ತೀರಿಕೊಂಡಾಗ ಊರ ಹಿರಿಯರು ಒಂದು ಶಾಲು ತಂದು ಹೆಣದ ಮೇಲೆ ಹೊದಿಸಿದರು. ಅಂಚಿಗೆ ಜರಿ, ನಡುವೆ ಯಾವುದೋ ಹೂವು, ಮುಟ್ಟಿದರೆ ಪ್ಲಾಸ್ಟಿಕ್ ಚೀಲದ ಹಾಗೆ ಚರಚರ ಎನ್ನುವ ಅದೇ ಜಾತಿಯ ಶಾಲು. ಬದುಕಿದ್ದರೆ ಸಂಜೆಯೊಳಗೆ ಅದು ಆಕೆಯ ಎಮ್ಮೆಯ ಬೆನ್ನ ಮೇಲಿರುತ್ತಿತ್ತು. ಸತ್ತವಳು ಏನು ಮಾಡಿಯಾಳು, ಸುಮ್ಮನೆ ಹೊದ್ದುಕೊಂಡು ಮಲಗಿದ್ದಳು. ಮಣ್ಣು ಮಾಡಿ ಬಂದ ಮರುದಿನವೇ ಬಸ್ಸು ನಿಲ್ಲುವ ಕಟ್ಟೆಯ ಬಳಿ ಒಂದು ಫ್ಲೆಕ್ಸ್ ಎದ್ದಿತು. 'ವೀರಯೋಧನ ಧರ್ಮಪತ್ನಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಅದರಲ್ಲಿ ಆಯಿಯ ಫೋಟೋ ಅಂಗೈಯಷ್ಟು, ಹಿರಿಯರ ಫೋಟೋ ಬಾಗಿಲಿನಷ್ಟು.

ಧರ್ಮಪತ್ನಿಯಂತೆ! ಫ್ಲೆಕ್ಸಿನ ಮೇಲೆ ಬರೆಸಿದ ಈ ಒಂದು ಮಾತನ್ನು ಇದೇ ಹಿರಿಯರು ಊರಿನ ಕಂದಾಯ ನೋಡುವ ತಲಾಟಿಯ ಮುಂದೆ ಬಾಯಿಬಿಟ್ಟು ಹೇಳಿದ್ದರೆ ಆಯಿಗೆ ಗಂಡನ ಮಿಲಿಟರಿ ಪಿಂಚಣಿ ಬರುತ್ತಿತ್ತು. ಬರಲಿಲ್ಲ. ಆಕೆ ಕೊನೆಯ ದಿನದವರೆಗೂ ಎಮ್ಮೆ ಹಿಂಡಿ, ಹಾಲು ಮಾರಿ ಉಂಡಳು. ಫ್ಲೆಕ್ಸ್ ನೋಡಿದಾಗ ನನಗೆ ಅಳು ಬರಲಿಲ್ಲ, ಉಗುಳು ಬಂತು. ಶಾಲೆಯಲ್ಲಿ ಕಲಿಸಿದ ವಯಸ್ಸಾದ ಅಕ್ಕೋರು ನಡುಬೀದಿಯಲ್ಲಿ ಉಗುಳಿದರೆ ಚೆನ್ನಾಗಿರುವುದಿಲ್ಲವೆಂದು ನುಂಗಿಕೊಂಡೆ. ಆ ನುಂಗಿದ್ದೇ ಈಗ ಹೀಗೆ ಬರವಣಿಗೆಯಾಗಿ ಹೊರಗೆ ಬರುತ್ತಿದೆ ಎಂದು ತಿಳಿಯಿರಿ.

ಮೋರಟಗಿಯಿಂದ ಸ್ವಲ್ಪ ಒಳಗಿರುವ ಈ ಊರಿನ ಶಾಲೆಯಲ್ಲಿ ನಾನು ಮುಖ್ಯಾಧ್ಯಾಪಕಿಯಾಗಿದ್ದೆ. ನನ್ನ ತವರು ಇಂಡಿ. ನಿವೃತ್ತಿಯಾದ ಮೇಲೆ ಅಲ್ಲಿಗೆ ಹೋಗಿ ಅಣ್ಣತಮ್ಮಂದಿರ ಸೊಸೆಯರ ಮುಖ ನೋಡಿಕೊಂಡು ಕೂಡುವುದು ಬೇಡವೆಂದು ಇಲ್ಲೇ ಉಳಿದೆ. ನನ್ನ ಮನೆಗೂ ಆಯಿಯ ಮನೆಗೂ ನಡುವೆ ಒಂದು ಮೋಟು ಗೋಡೆ. ಆ ಗೋಡೆಯ ಮೇಲಿಂದ ಹಾಲು ಈ ಕಡೆ ಬರುತ್ತಿತ್ತು, ನನ್ನ ಮನೆಯ ದಿನಪತ್ರಿಕೆ ಆ ಕಡೆ ಹೋಗುತ್ತಿತ್ತು. ಓದಲಿಕ್ಕಲ್ಲ. ಆಕೆಗೆ ಓದು ಬರುತ್ತಿರಲಿಲ್ಲ. "ದೊಡ್ಡ ಮಂದಿ ಮಾರಿ ಮ್ಯಾಲೆ ಭಜಿ ಇಟ್ರ ಎಣ್ಣಿ ಛಲೋ ಹೀರತಾವ, ಅಕ್ಕೋರ" ಎನ್ನುತ್ತಿದ್ದಳು.

ಊರಿಗೆಲ್ಲ ಆಕೆ 'ಮಿಲಿಟ್ರಿ ಆಯಿ'. ಎತ್ತರದ ಹೆಂಗಸು, ನಡೆದರೆ ಜೊತೆಗಿದ್ದವರು ಓಡಬೇಕು. ಆಫೀಸಿಗೆ ಹೋದರೆ ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂಡುವಳು. ನಮ್ಮ ಕಡೆ ಮುದುಕಿಯರು ಆಫೀಸಿನಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂಡುವುದು ಪದ್ಧತಿ. ಸಿಂದಗಿಯಲ್ಲಿ ಒಬ್ಬ ಗುಮಾಸ್ತ ಆ ಪದ್ಧತಿಯನ್ನು ನೆನಪಿಸಲು ಹೋದ.

"ಏ ಆಯಿ, ಅದು ಸಾಹೇಬ್ರನ್ನ ನೋಡಾಕ ಬಂದವ್ರಿಗೆ ಇಟ್ಟ ಕುರ್ಚಿ."

"ನಾ ಏನ ನಿನ್ನ ನೋಡಾಕ ಬಂದೇನೇನು?" ಎಂದಳು.

ಇನ್ನೊಂದು ಚಟವಿತ್ತು, ತಂಬಾಕು. ಎಡ ಅಂಗೈಯಲ್ಲಿ ಎಲೆ ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕುತ್ತ ಕೂತಿರುವಳು. ಎದುರಿಗಿದ್ದವನು ಖರೆ ಹೇಳುತ್ತಿದ್ದರೆ ತಿಕ್ಕಿದ್ದನ್ನು ಸುಮ್ಮನೆ ಬಾಯಿಗೆ ಹಾಕುವಳು. ಸುಳ್ಳು ಶುರುವಾಯಿತೋ, ಅಂಗೈಯನ್ನು ಎರಡು ಸಲ ತಟ್ಟಿ, ಆ ಧೂಳನ್ನು ಅವನ ಕಡೆಗೇ ಊದುವಳು. ಎಷ್ಟು ಜನ ದೊಡ್ಡವರು ಆ ಧೂಳಿಗೆ ಸೀನಿದ್ದಾರೆಂದು ನಾನು ಬಲ್ಲೆ. ಅವರಲ್ಲಿ ಒಬ್ಬನಿಗೂ ಯಾಕೆ ಸೀನಿದೆನೆಂದು ಗೊತ್ತಾಗಿರಲಿಕ್ಕಿಲ್ಲ.

ಇನ್ನು ಹಿರಿಯರ ವಿಷಯ. ಈ ಊರಿನಲ್ಲಿ ಹಿರಿಯರು ಎಂದರೆ ಅವರೊಬ್ಬರೇ, ಉಳಿದವರು ಬರೀ ವಯಸ್ಸಾದವರು. ಹೆಗಲ ಮೇಲೆ ಇಸ್ತ್ರಿಯ ಟವೆಲು, ಜೇಬಿನಲ್ಲಿ ಎರಡು ಪೆನ್ನು. ಶರಣರ ಸಮಾನತೆಯ ಮೇಲೆ ಭಾಷಣ ಮಾಡಲು ಬಸವನ ಬಾಗೇವಾಡಿಯವರೆಗೂ ಹೋಗಿಬರುತ್ತಿದ್ದರು. ಹೋಗಿಬಂದವರು ಮನೆಯ ಹೊಲದಾಳಿಗೆ ಬೇರೆ ಕಪ್ಪಿನಲ್ಲೇ ಚಹಾ ಕೊಡಿಸುತ್ತಿದ್ದರು. ಯಾರ ಕಷ್ಟ ಕೇಳಿದರೂ ಅವರದು ಒಂದೇ ಮಾತು: "ನಾ ಅದೇನಲ್ಲ!" ನಾನಿದ್ದೇನಲ್ಲ, ಚಿಂತೆ ಯಾಕೆ ಎಂದು. ಅವರು ಇದ್ದುದರಿಂದ ಯಾರಿಗೆ ಏನಾಯಿತೆಂದು ನಾನು ಇಲ್ಲಿಗೆ ಬಂದಾಗಿನಿಂದ ಹುಡುಕಿದೆ. ಸಿಗಲಿಲ್ಲ.

ಈ ಹಿರಿಯರು ಆಯಿಗೆ ಕಾಕಾನ ಮಗ, ಎಂದರೆ ಚಿಕ್ಕಪ್ಪನ ಮಗ. ಒಂದೇ ಅಂಗಳದಲ್ಲಿ ಬೆಳೆದವರು. ಆಕೆ 'ತಮ್ಮಾ' ಎನ್ನುತ್ತಿದ್ದಳು. ಅವರು ಮನೆಯೊಳಗೆ 'ಅಕ್ಕಾ' ಎನ್ನುತ್ತಿದ್ದರು, ಮೈಕಿನ ಮುಂದೆ 'ಪೂಜ್ಯ ತಾಯಿಯವರು'. ವರ್ಷಕ್ಕೆರಡು ಸಲ ನಮ್ಮ ಶಾಲೆಯ ಧ್ವಜದ ಕಂಬದ ಕೆಳಗೆ ಆಕೆಯನ್ನು ನಿಲ್ಲಿಸಿ ಶಾಲು ಹೊದಿಸುತ್ತಿದ್ದರು. ಮುಖ್ಯಾಧ್ಯಾಪಕಿಯಾದ ನಾನು ಪಕ್ಕದಲ್ಲಿ ತಾಟು ಹಿಡಿದು ನಿಲ್ಲಬೇಕಿತ್ತು. ಹಿರಿಯರು ಗಡಿ, ಹಿಮ, ಗುಂಡು ಎಂದೆಲ್ಲ ಭಾಷಣ ಶುರುಮಾಡುತ್ತಿದ್ದರು. ಆಯಿ ಕುರ್ಚಿಯಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದಳು. ಮಕ್ಕಳಿಗೆಲ್ಲ ಆಕೆ ಯಾವಾಗ ಊದುತ್ತಾಳೆಂದು ಗೊತ್ತಿತ್ತು. ಅದಕ್ಕೇ ಕಾದು ನಗುತ್ತಿದ್ದವು. ಹಿರಿಯರು ತಮ್ಮ ಭಾಷಣಕ್ಕೆ ಮಕ್ಕಳು ಖುಷಿಪಟ್ಟರೆಂದು ತಿಳಿದು ಇನ್ನಷ್ಟು ಉದ್ದ ಮಾಡುತ್ತಿದ್ದರು.

ಶಾಲು ಮಾತ್ರ ಮನೆ ಮುಟ್ಟಿದ ಕೂಡಲೇ ಎಮ್ಮೆಗೆ. ಜನವರಿಯ ಚಳಿಯಲ್ಲಿ ಜರಿಯಂಚಿನ ಶಾಲು ಹೊದ್ದು, ಕೊರಳಿಗೆ ಸತ್ಕಾರದ ಹಾರವನ್ನೂ ಹಾಕಿಸಿಕೊಂಡು, ಎಮ್ಮೆ ಹಿರಿಯರ ಮನೆಯ ಮುಂದಿನಿಂದಲೇ ಕೆರೆಗೆ ಹೋಗುತ್ತಿತ್ತು. ಒಂದು ಸಲ ಹಿರಿಯರು ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು.

"ಅಕ್ಕಾ, ಸರ್ಕಾರದ ಮರ್ಯಾದಿ ಅದು. ಎಮ್ಮಿಗಿ ಹಾಕ್ತಾರೇನು?"

"ಇದಕ್ಕ ಥಂಡಿ ಆಗತದ, ತಮ್ಮಾ. ನನಗ ಸಿಟ್ಟಿಗೆ ಮೈ ಬಿಸಿ ಇರತದ, ಥಂಡಿ ಗೊತ್ತ ಆಗೂದಿಲ್ಲ."

ನಾಲ್ಕು ಜನ ನಕ್ಕರು. ಹಿರಿಯರೂ ನಕ್ಕರು. ನಾಚಿಕೆ ಇಲ್ಲದವರಿಗೆ ಅದೊಂದು ಅನುಕೂಲ, ಯಾವ ನಗುವಿನಲ್ಲೂ ಸೇರಿಕೊಳ್ಳಬಹುದು.

ಆಕೆಯ ಸಿಟ್ಟು ಏನೆಂದು ತಿಳಿಯಬೇಕಾದರೆ ಮದುವೆಯ ಸಂಗತಿ ಹೇಳಬೇಕು. ಆಯಿಗೆ ಮೊದಲು ದೇವಣಗಾಂವದ ಕಡೆಯ ಒಬ್ಬ ಹುಡುಗನೊಂದಿಗೆ ಮದುವೆಯಾಗಿತ್ತು. ಹಂದರ, ಬಾಜಾ ಎಲ್ಲ ಇದ್ದ ಮದುವೆ. ಆ ಹುಡುಗ ಎರಡನೇ ವರ್ಷದ ಸುಗ್ಗಿಯಲ್ಲಿ ಹಾವು ಕಡಿದು ಸತ್ತ. ತವರಿಗೆ ಬಂದ ಹುಡುಗಿಗೆ ಕಾಕಾನ ಮನೆಯಲ್ಲಿ ಸೆಗಣಿ ಬಳಿಯುವ ಕೆಲಸ ಸಿಕ್ಕಿತು. ಸಿಪಾಯಿ ಅದೇ ಊರಿನವನು, ರಜೆಗೆ ಬಂದಿದ್ದ. ನೀರಿಗೆ ಹೋಗುವಾಗ ಆಕೆಯನ್ನು ಕಂಡವನು ಯಾರನ್ನೂ ನಡುವೆ ಕಳಿಸದೆ, ನೇರ ಅಂಗಳಕ್ಕೆ ಬಂದು, "ಇಕೀನ ನನಗ ಕೊಡ್ರಿ" ಎಂದು ಕೇಳಿದ. ಕೊಡುವುದಿಲ್ಲ ಎನ್ನಲು ಮನೆಯವರಿಗೆ ಆಕೆಯ ಮೇಲೇನೂ ಅಷ್ಟು ಪ್ರೀತಿ ಇರಲಿಲ್ಲ.

ಆದರೆ ವಿಧವೆಗೆ ಎರಡನೆಯ ಸಲ ಆಗುವುದು ಮದುವೆಯಲ್ಲ, ಉಡಿಕಿ. ನಮ್ಮ ಕಡೆಯ ಜಾಣರು ಅದಕ್ಕೊಂದು ರೀತಿ ಮಾಡಿಟ್ಟಿದ್ದಾರೆ. ಹಂದರ ಇಲ್ಲ, ಬಾಜಾ ಇಲ್ಲ, ಅಕ್ಷತೆ ಇಲ್ಲ. ಕತ್ತಲಾದ ಮೇಲೆ ಊರ ಹೊರಗಿನ ಗುಡಿಯಲ್ಲಿ ಕೆಲಸ ಮುಗಿಸಬೇಕು. ಮುತ್ತೈದೆಯರು ಆ ಕಡೆ ಹಾಯಬಾರದು, ಮರ್ಯಾದಸ್ಥ ಗಂಡಸರು ಕಣ್ಣಿಂದ ನೋಡಬಾರದು. ಗಂಡ ಸತ್ತ ನಾಲ್ಕು ಹೆಂಗಸರು ನಿಂತು ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಬೆಳಗಾಗುವ ಮೊದಲು ಗಂಡನ ಮನೆ ಮುಟ್ಟಿಸಬೇಕು. ಮಾಡುವುದೂ ಬೇಕು, ಮಾಡಿದ್ದು ಯಾರಿಗೂ ಕಾಣಲೂಬಾರದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ.

ಆಯಿ ಆ ಹೊತ್ತನ್ನು ಎಷ್ಟೋ ಸಲ ಹೇಳಿದ್ದಾಳೆ. ತಲೆ ತಗ್ಗಿಸಿ ಕೂತಿದ್ದರಿಂದ ಆಕೆಗೆ ಮೊದಲು ಕಂಡದ್ದು ಎರಡು ಬೂಟು. ಸಿಪಾಯಿ ಬಾಜಾ ಕೇಳಿದ್ದನಂತೆ, ಕೊಡಲಿಲ್ಲ. ಹಾಗಾದರೆ ನಾನೇ ಬಾಜಾ ಎಂದು ಮಿಲಿಟರಿ ಡ್ರೆಸ್ಸಿನಲ್ಲಿ, ಪಾಲಿಶ್ ಮಾಡಿದ ಬೂಟು ಟಕಟಕ ಸದ್ದು ಮಾಡುತ್ತ ಬಂದ. ಕಂದೀಲು ಹಿಡಿಯಲು ಮನೆಯಿಂದ ಒಬ್ಬನನ್ನು ಕಳಿಸಿದ್ದರು. ಆಗಷ್ಟೇ ಮೀಸೆ ತಿರುವಲು ಕಲಿತಿದ್ದ ಕಾಕಾನ ಮಗ. ಈಗಿನ ಹಿರಿಯರು. ಯಾರಾದರೂ ಗುರುತು ಹಿಡಿದಾರೆಂದು ಮುಖಕ್ಕೆ ಟವೆಲು ಸುತ್ತಿಕೊಂಡಿದ್ದರಂತೆ. ಕಂದೀಲು ಹಿಡಿದ ಕೈ ಗಡಗಡ ನಡುಗುತ್ತಿತ್ತಂತೆ.

"ಸಿಪಾಯಿಗಿ ತಾಳಿ ಗಂಟ ಕಾಣವಲ್ದು. ಅಂವ ಹಿಂದ ಹೊಳ್ಳಿ ಅಂದ, 'ಸೀದಾ ಹಿಡಿ, ತಮ್ಮಾ.' ಅಷ್ಟ ಅಂದ್ರ ಇಂವ ಬಿಕ್ಕಿ ಬಿಕ್ಕಿ ಅತ್ತನ್ರಿ ಅಕ್ಕೋರ. ಲಗ್ನ ನಂದು, ಅತ್ತಾಂವ ಇಂವ." ಹೇಳಿ ಆಯಿ ಅಂಗೈ ತಟ್ಟಿ ನಗುತ್ತಿದ್ದಳು.

ಸಿಪಾಯಿಯ ಹೆಸರನ್ನು ಆಕೆ ಎಂದೂ ಹೇಳಲಿಲ್ಲ. ಆತ ಸೇವೆ ಮುಗಿಸಿ ಬಂದು, ಪಿಂಚಣಿ ತೆಗೆದುಕೊಂಡು, ಎಮ್ಮೆ ಕಟ್ಟಿಕೊಂಡು ಇದ್ದ. ನಾನೂ ಕಂಡಿದ್ದೇನೆ. ಒಳ್ಳೆಯವನೇ, ಆದರೆ ಒಂದು ಮಾತು ಹೇಳದೆ ಬಿಡಲಾರೆ. ಹಿಮದಲ್ಲಿ ನಿಂತು ಗಡಿ ಕಾಯಲು ಬರುತ್ತಿದ್ದವನಿಗೆ ತನ್ನ ಹೆಂಡತಿಯ ಹೆಸರನ್ನು ಮಿಲಿಟರಿ ದಾಖಲೆಗೆ ಸೇರಿಸಲು ಬರಲಿಲ್ಲ. "ಬರಸೂಣು, ಎಲ್ಲಿ ಓಡಿ ಹೋಗತದ?" ಎನ್ನುತ್ತ ಹೋದ. ಒಂದು ದಿನ ದೇವರ ಹಿಪ್ಪರಗಿ ಸಂತೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಗಂಡಸರ ಈ 'ಬರಸೂಣು, ಮಾಡೂಣು' ಎಂಬ ಮಾತಿಗೆ ಎಷ್ಟು ಹೆಂಗಸರು ಬೀದಿಗೆ ಬಿದ್ದಿದ್ದಾರೋ!

ಪಿಂಚಣಿ ನಿಂತಿತು. ಆಯಿ ಅಲೆಯತೊಡಗಿದಳು, ಜೊತೆಗೆ ನಾನು. ರೇಷನ್ ಕಾರ್ಡು, ಮತದಾರರ ಚೀಟಿ ಎಲ್ಲದರಲ್ಲೂ ಹೆಂಡತಿ ಎಂದೇ ಇತ್ತು. ಅದು ಸಾಲದಂತೆ. ಕೂಡಿ ಇದ್ದದ್ದು ಬೇರೆಯಂತೆ, ಲಗ್ನವಾದದ್ದು ಬೇರೆಯಂತೆ. ಲಗ್ನಪತ್ರಿಕೆ ಬೇಕು, ಫೋಟೋ ಬೇಕು, ಇಲ್ಲದಿದ್ದರೆ ಲಗ್ನವನ್ನು ಕಣ್ಣಾರೆ ಕಂಡವರು ತಲಾಟಿಯ ಮುಂದೆ ಹೇಳಿಕೆ ಕೊಡಬೇಕು. ಕಣ್ಣಾರೆ ಕಾಣಬಾರದೆಂದೇ ಕತ್ತಲಲ್ಲಿ ಮಾಡಿದ ಲಗ್ನಕ್ಕೆ! ಅಲ್ಲಿದ್ದ ವಿಧವೆಯರು ಆಗಲೇ ಮುದುಕಿಯರು, ಎಲ್ಲರೂ ಮಣ್ಣಾಗಿದ್ದರು. ತಾಳಿ ಕಟ್ಟಿಸಿದ ಗುಡಿಯ ಪೂಜಾರಿ ಅಯ್ಯನವರೂ ಹೋಗಿದ್ದರು. ಉಳಿದವರು ಒಬ್ಬರೇ, ಕಂದೀಲು ಹಿಡಿದವರು.

ಹಿರಿಯರು ಇಲ್ಲವೆನ್ನಲಿಲ್ಲ. ಇಲ್ಲವೆನ್ನುವುದಕ್ಕೂ ಒಂದಿಷ್ಟು ಎದೆ ಬೇಕಾಗುತ್ತದೆ. "ನಾ ಅದೇನಲ್ಲ ಅಕ್ಕಾ" ಎಂದರು. ಆದರೆ ಆ ವರ್ಷ ಮಗಳಿಗೆ ಬಸವನ ಬಾಗೇವಾಡಿಯ ಸಂಬಂಧ ಕುದುರುತ್ತಿತ್ತು. ಬೀಗರು ಮನೆತನದಲ್ಲಿ ಉಡಿಕಿಯಾದವರು ಇದ್ದಾರೆಯೇ ಎಂದು ಕೇಳುವ ಜನ; ಹೇಳಿಕೆ ಕೊಟ್ಟರೆ ಅದು ಕಾಗದಕ್ಕೇರುತ್ತಿತ್ತು. ಮದುವೆಯಾಗಲಿ ಎಂದರು. ಆಯಿತು. ಆಮೇಲೆ ಮಗನಿಗೆ ನೋಡುತ್ತಿದ್ದರು. ಆಮೇಲೆ ಮೊಮ್ಮಗಳಿಗೆ ಮುದ್ದೇಬಿಹಾಳದ ದೊಡ್ಡ ಮನೆತನ. ಆ ಮನೆಯಲ್ಲಿ ಯಾವಾಗಲೂ ಒಬ್ಬರಿಗಲ್ಲ ಒಬ್ಬರಿಗೆ ವರ ಬರುತ್ತಲೇ ಇರುತ್ತಿದ್ದ, ಆಯಿಯ ಅರ್ಜಿ ಕಟ್ಟೆಯ ಕೆಳಗೇ ನಿಂತಿರುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಬಾಗೇವಾಡಿಗೂ ಮುದ್ದೇಬಿಹಾಳಕ್ಕೂ ಗೊತ್ತಾಗದಂತೆ ಕಾಯುವುದೇ ಅವರ ಬಾಳಿನ ದೊಡ್ಡ ಸೇವೆಯಾಯಿತು.

ಕೊನೆಗೆ ಒಂದು ಮಧ್ಯಾಹ್ನ ಅವರೇ ಆಯಿಯ ಮನೆಗೆ ಬಂದರು. ನಾನು ಹಾಲಿನ ಪಾತ್ರೆ ತರಲು ಹೋದವಳು ಅಲ್ಲೇ ಇದ್ದೆ.

"ಅಕ್ಕಾ, ಒಂದು ಹಾದಿ ಹುಡುಕೇನಿ. ಹಂದರ ಹಾಕಿ, ಅಕ್ಕಿಕಾಳ ಹಾಕಿ, ಸಿಪಾಯಿ ಜೋಡಿನ ನಿಂದು ಮೊದಲನೇ ಲಗ್ನ ಆತು ಅಂತ ಬರಸೂಣು. ನಾ ಸಹಿ ಹಾಕ್ತೇನಿ, ಇನ್ನೂ ಇಬ್ಬರ ಕಡಿಂದ ಹಾಕಸ್ತೇನಿ. ಸಿಂದಗ್ಯಾಗ ಒಬ್ಬ ಸ್ಟುಡಿಯೋದಾಂವ ಲಗ್ನದ ಫೋಟೋನೂ ಮಾಡಿ ಕೊಡ್ತಾನ. ನಿನಗ ಪಿಂಚಣಿ, ನನಗ ಮರ್ಯಾದಿ."

ಆಯಿ ಬೂಟು ಒರೆಸುತ್ತಿದ್ದಳು. ಸಿಪಾಯಿಯ ಆ ಬೂಟಿಗೆ ಬೆಣ್ಣೆ ಹಚ್ಚಿ ಒರೆಸುವುದು ಆಕೆಯ ಇನ್ನೊಂದು ಹುಚ್ಚು. ತನ್ನ ರೊಟ್ಟಿಗಿಲ್ಲದ ಬೆಣ್ಣೆ ಬೂಟಿಗೆ!

"ಹಂಗಾದ್ರ ದೇವಣಗಾಂವದಾಗ ಸತ್ತಾಂವ ಯಾರು?" ಎಂದು ಕೇಳಿದಳು.

"ಅಂವ ಹೋಗಿ ಎಷ್ಟ ವರ್ಷ ಆತು. ಅಂವನ ಸುದ್ದಿ ಈಗ್ಯಾಕ?"

"ಆ ಹುಡುಗ ತಾ ಉಪಾಸ ಇದ್ದು ನನಗ ಉಣಸ್ಯಾನ. ಸಾಯೂವಾಗ ನನ್ನ ಕೈ ಹಿಡಿದಿದ್ದ. ಅಂವ ಹುಟ್ಟೇ ಇಲ್ಲ ಅಂತ ಬರಸಂತಿ? ಮತ್ತ ಸಿಪಾಯಿ? ರಂಡಿಮುಂಡಿ ಅಂತ ಊರೆಲ್ಲಾ ದೂರ ನಿಂತಾಗ ಬೂಟ ಹಾಕ್ಕೊಂಡು ಬಂದಾಂವ ಅಂವ. ಅದನೂ ಸುಳ್ಳು ಅನ್ನಂತಿ? ಇಬ್ಬರು ಗಂಡಸರು ನನಗ ಖರೆ ಇದ್ರು, ತಮ್ಮಾ. ನಿನ್ನ ಸಲುವಾಗಿ ಅವರ್ನ ಸುಳ್ಳ ಮಾಡ್ಲೇನು?"

ಹೇಳಿ, ಬೂಟು ಕೆಳಗಿಟ್ಟು, ಅಂಗೈಗೆ ತಂಬಾಕು ಸುರಿದುಕೊಂಡು ತಟ್ಟಿ, ಧೂಳನ್ನೆಲ್ಲ ಊದಿದಳು. ಹಿರಿಯರು ಸೀನುತ್ತ ಎದ್ದು ಹೋದರು.

ಆ ದಿನ ನನಗೆ ಆಕೆಯ ಮೇಲೂ ಸಿಟ್ಟು ಬಂತು. ಮುದುಕಿಗೆ ಸೊಕ್ಕು ಎಂದುಕೊಂಡೆ. ಎಲ್ಲರೂ ಹೇಳುವ ಸುಳ್ಳು ಒಂದು ಹೇಳಿ ಎರಡು ಹೊತ್ತು ನೆಮ್ಮದಿಯಿಂದ ಉಣ್ಣಬಾರದೇ? ಗೋಡೆಯ ಮೇಲಿಂದ ಕೇಳಿಯೂ ಬಿಟ್ಟೆ. ಆಕೆ ಎಮ್ಮೆಯ ಮೈ ತಿಕ್ಕುತ್ತ, "ನಿಮಗ ಪಿಂಚಣಿ ಬರತದ ಅಕ್ಕೋರ, ಅದಕ್ಕ ಬುದ್ಧಿ ಹೇಳಾಕತ್ತೀರಿ" ಎಂದಳು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಹಾಲು ಬೇಕಾಯಿತು.

ಆಮೇಲೆ ವಿಚಾರಣೆಯ ದಿನ ಬಂತು. ತಲಾಟಿ ಹೊಸಬ, ಹುಡುಗ, ಕೆಟ್ಟವನೇನಲ್ಲ. ಸಾಕ್ಷಿ ಸಿಕ್ಕರೆ ಅವತ್ತೇ ಬರೆದು ಸಿಂದಗಿಗೆ ಕಳಿಸುತ್ತೇನೆ, ಸಿಗದಿದ್ದರೆ ಅರ್ಜಿ ಮುಗಿಸಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದ. ಚಾವಡಿಯಲ್ಲಿ ಜನ ಸೇರಿದ್ದರು. ಪಂಚರ ಸಹಿ ಬೇಕಲ್ಲ, ಪಂಚರೆಂದರೆ ಮೊದಲನೆಯವರು ಹಿರಿಯರೇ. ತಲಾಟಿಯ ಪಕ್ಕದ ಕುರ್ಚಿ ಅವರಿಗೆ. ಆಯಿ ಎದುರಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ನಾನು ಆಕೆಯ ಮಗ್ಗುಲಲ್ಲಿ.

"ಲಗ್ನ ಹೆಂಗ ಆಗಿತ್ತು, ಆಯಿ?"

"ಉಡಿಕಿ."

ಹಿರಿಯರು ಟವೆಲಿನಿಂದ ಬಾಯಿ ಒರೆಸಿಕೊಂಡರು.

"ಅಲ್ಲೆ ಯಾರ್ಯಾರ ಇದ್ರು?"

"ನನ್ನ ಸೋದರತ್ತಿ, ಬಡಿಗ್ಯಾರ ಮುದುಕಿ, ಇನ್ನ ಇಬ್ಬರು. ಎಲ್ಲಾರೂ ಗಂಡ ಸತ್ತವ್ರ. ಈಗ ಅವ್ರೂ ಇಲ್ಲ. ಅಯ್ಯನವ್ರೂ ಇಲ್ಲ."

"ಮತ್ತ ಯಾರೂ ಇರಲಿಲ್ಲೇನು?"

"ಇದ್ದ ಒಬ್ಬಾಂವ. ಕಂದೀಲ ಹಿಡಿಯಾಕ."

ತಲಾಟಿಯ ಮುಖ ಅರಳಿತು. ಪಾಪ, ಅವನಿಗೂ ಈ ಕೆಲಸ ಆಗಲೆಂಬ ಆಸೆ ಇತ್ತು. "ಅಂವ ಅದಾನೇನು, ಆಯಿ?"

ಚಾವಡಿಯಲ್ಲಿದ್ದ ವಯಸ್ಸಾದವರಿಗೆಲ್ಲ ಅವನು ಯಾರೆಂದು ಗೊತ್ತಿತ್ತು. ಎಲ್ಲರೂ ತಮ್ಮ ತಮ್ಮ ಕಾಲಿನ ಉಗುರು ನೋಡತೊಡಗಿದರು. ಹಿರಿಯರು ಮಾಳಿಗೆಯ ತೊಲೆ ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಆಯಿ ನನ್ನ ತೊಡೆಯ ಮೇಲೆ ಕೈಯಿಟ್ಟು ಅದುಮಿದಳು. ಆಕೆ ಅವಸರ ಮಾಡಲಿಲ್ಲ. ತಂಬಾಕು ತಿಕ್ಕುತ್ತ ಹಿರಿಯರ ಮುಖವನ್ನೇ ನೋಡುತ್ತ ಕೂತಳು. ಒಬ್ಬ ಮನುಷ್ಯನಿಗೆ 'ನಾ ಅದೇನಿ' ಎನ್ನಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚೇ ಹೊತ್ತು ಕೊಟ್ಟಳು. ಊರೆಲ್ಲ ದಿನಾ ಕೇಳುವ ಮಾತು ಅದು, ಅವತ್ತು ಬರಲಿಲ್ಲ.

"ಇಲ್ರಿ ಸಾಹೇಬ್ರ," ಎಂದಳು ಆಯಿ. "ಅಂವ ಸತ್ತು ಭಾಳ ದಿನ ಆತು."

ತಲಾಟಿ ಪಕ್ಕಕ್ಕೆ ತಿರುಗಿದ. "ಹೌದೇನ್ರಿ, ಹಿರ್ಯಾರ?"

"ಹೌದ್ರಿ," ಎಂದರು ಹಿರಿಯರು. ಅಷ್ಟಕ್ಕೇ ಬಿಡಬಾರದೇ? ಬಿಡಲಿಲ್ಲ. "ಛಲೋ ಹುಡುಗ ಇದ್ದ, ಪಾಪ" ಎಂದರು.

ತಲಾಟಿ ನಿಟ್ಟುಸಿರುಬಿಟ್ಟು, ಕಂಡವರು ಯಾರೂ ಬದುಕಿಲ್ಲವೆಂದು ಬರೆದ. ಬರೆದದ್ದನ್ನು ಓದಿಹೇಳಿ, ಸಹಿಗಾಗಿ ಕಾಗದವನ್ನು ಹಿರಿಯರ ಮುಂದೆ ಸರಿಸಿದ. ಅವರು ಜೇಬಿನ ಎರಡು ಪೆನ್ನುಗಳಲ್ಲಿ ಒಳ್ಳೆಯದನ್ನು ತೆಗೆದರು. ತೆಗೆದ ಕೈ ಗಡಗಡ ನಡುಗುತ್ತಿತ್ತು.

ಆಯಿ ಎದ್ದು ನಿಂತಳು. ಅಂಗೈಯ ತಂಬಾಕನ್ನು ಊದಲಿಲ್ಲ, ನೆಲಕ್ಕೆ ಸುರಿದು ಕೈ ಝಾಡಿಸಿದಳು. ದಾಟಿಹೋಗುವಾಗ ಅವರ ಕುರ್ಚಿಯ ಹತ್ತಿರ ಬಗ್ಗಿದಳು.

"ಸೀದಾ ಹಿಡಿ, ತಮ್ಮಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಡೀರಿ ಅಕ್ಕೋರ, ಎಮ್ಮಿ ಹಿಂಡೂ ಹೊತ್ತಾತು" ಎಂದು ಹೊರಗೆ ನಡೆದಳು.